ಬಾಗಿಲ ಹತ್ತಿರದ ಚಪ್ಪಲಿ

ಮಣಿಪಾಲದಲ್ಲಿ ಕೆಲಸ ಸಿಕ್ಕಿದಾಗ ಅಲ್ಲೇ ಕೋಣೆ ಹುಡುಕಿದೆ. ಅಲ್ಲಿನ ಬಾಡಿಗೆ ಕೊಟ್ಟರೆ ಊಟಕ್ಕೆ ಏನೂ ಉಳಿಯುತ್ತಿರಲಿಲ್ಲ. ಪಡುಬಿದ್ರಿಯಲ್ಲಿ ಅಗ್ಗವಿತ್ತು, ಆದರೆ ಬಸ್ಸಿಳಿದು ಹೆದ್ದಾರಿಯಿಂದ ಕತ್ತಲಲ್ಲಿ ಒಬ್ಬಳೇ ನಡೆಯಬೇಕು. ಕೊನೆಗೆ ಬನ್ನಂಜೆಯ ಈ ಮಹಡಿ ಕೋಣೆಗೆ ಒಪ್ಪಿದೆ. ಬಸ್ ನಿಲ್ದಾಣ ಹತ್ತಿರ. ಮೆಟ್ಟಿಲು ಮಾತ್ರ ಹೊರಗಿನಿಂದ, ಗೇಟಿಗೆ ಬೀಗವಿಲ್ಲ.

ಎಲ್ಲರೂ ಬಾಯಮ್ಮ ಎಂದು ಕರೆಯುವ ಮನೆ ಒಡತಿ ಕೀಲಿ ಕೊಡುತ್ತಾ ಹೇಳಿದರು: "ಬಾಗಿಲ ಹತ್ರ ಒಂದು ಜೊತೆ ಗಂಡಸರ ಚಪ್ಪಲಿ ಇಡಿ. ಒಬ್ಬರೇ ಇರುವುದು ಅಂತ ಯಾರಿಗೂ ಗೊತ್ತಾಗುವುದು ಬೇಡ, ಅಲ್ವಾ?"

ನನಗೆ ಸಿಟ್ಟು ಬಂತು. ಬಾಡಿಗೆ ಕೊಡುವವಳು ನಾನು, ಕಾವಲಿಗೆ ಮಾತ್ರ ಇಲ್ಲದ ಗಂಡನೊಬ್ಬ ಬೇಕಂತೆ! ಆದರೂ ಅಂದೇ ಸಂಜೆ ಹೋಗಿ ಒಂದು ಜೊತೆ ಕೊಂಡುತಂದೆ. ಹೊಸತೆಂದು ಕಾಣಬಾರದೆಂದು ಕಲ್ಲಿಗೆ ತಿಕ್ಕಿದೆ. ದಿನವೂ ಕೆಲಸಕ್ಕೆ ಹೊರಡುವಾಗ ಸ್ವಲ್ಪ ಆಚೀಚೆ ಸರಿಸಿಡುತ್ತಿದ್ದೆ.

ಒಂದು ಭಾನುವಾರ ಮೀನು ಮಾರುವ ಹೆಂಗಸು ಅವನ್ನು ನೋಡಿ, "ಇವತ್ತು ಅವರು ಮನೆಯಲ್ಲಿ ಉಂಟಲ್ಲ ಅಕ್ಕಾ, ಇಬ್ಬರಿಗೆ ಆಗುವಷ್ಟು ಬಂಗುಡೆ ಹಾಕ್ತೇನೆ" ಎಂದಳು. ಬೇಡ ಎನ್ನುವಂತಿರಲಿಲ್ಲ. ಉಳಿದ ಸಾರನ್ನು ಮರುದಿನವೂ ನಾನೇ ತಿಂದೆ.

ಮೊನ್ನೆ ಸಂಜೆ ಮೆಟ್ಟಿಲು ಹತ್ತಿ ಬಂದಾಗ ಚಪ್ಪಲಿ ನಾನಿಟ್ಟಲ್ಲಿ ಇರಲಿಲ್ಲ. ಯಾರೋ ಈಗಷ್ಟೇ ಕಳಚಿ ಒಳಗೆ ಹೋದಂತೆ ಬಾಗಿಲಿಗೆ ಮುಖಮಾಡಿ ಬಿದ್ದಿದ್ದವು. ಬಾಯಮ್ಮ ಗುಡಿಸುವಾಗ ಸರಿಸಿದ್ದಾರೆಂದು ನನಗೆ ಗೊತ್ತಿತ್ತು. ಹಾಕಿದ ಬೀಗ ಹಾಗೆಯೇ ತೂಗುತ್ತಿತ್ತು, ಕೀಲಿ ನನ್ನ ಕೈಯಲ್ಲೇ ಇತ್ತು.

ಆದರೂ ನಾನು ಬಾಗಿಲು ತಟ್ಟಿದೆ.