ಟೈರಿಗೆ ಹಚ್ಚಿದ ನಿಂಬೆಹಣ್ಣು

ಮೊಮ್ಮಗಳ ಮೊದಲ ರೇಸಿಗೆ ನಾನು ನಿಂಬೆಹಣ್ಣು ತೆಗೆದುಕೊಂಡು ಹೋಗಿದ್ದು ಸರಿಯೋ ತಪ್ಪೋ ಇವತ್ತಿಗೂ ಗೊತ್ತಾಗಿಲ್ಲ. ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಬರೆದರೆ ನನಗಾದರೂ ತಿಳಿದೀತು ಎಂದು ಕೂತಿದ್ದೇನೆ. ನಾನು ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮಪ್ಪ ತುಮಕೂರಿನಲ್ಲಿ ಲಾರಿ ಓಡಿಸುತ್ತಿದ್ದ. ಅಮಾವಾಸ್ಯೆ ಬಂತೆಂದರೆ ಲಾರಿಗೆ ಪೂಜೆ. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟು, ಅವು ಪಚಕ್ ಎಂದ ಮೇಲೇ ರಸ್ತೆಗೆ ಇಳಿಯುತ್ತಿದ್ದದ್ದು. ಆದರೂ ಆ ಲಾರಿ ಎರಡು ಸಲ ಪಲ್ಟಿ ಹೊಡೆಯಿತು. ಹಾಗಾಗಿ ನಿಂಬೆಹಣ್ಣಿನ ಮೇಲೆ ನನಗೆ ಎಂದೂ ನಂಬಿಕೆ ಇರಲಿಲ್ಲ.

ಮದುವೆಯಾಗಿ ಸಿಯಾಟಲ್ ಕಡೆಗೆ ಬಂದೆ. ನಮ್ಮ ಯಜಮಾನರಿಗೆ ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಮೆಕ್ಯಾನಿಕ್ ಕೆಲಸ. ಅವರ ಪಕ್ಕದ ಬೆಂಚಿನಲ್ಲಿ ಎದೆಯವರೆಗೆ ಗಡ್ಡ ಬಿಟ್ಟ ಒಬ್ಬ ಅಮೆರಿಕದವನು ಕೆಲಸ ಮಾಡುತ್ತಿದ್ದ. ಗಡ್ಡದವನು ಎಂದೇ ನಾವು ಮನೆಯಲ್ಲಿ ಕರೆಯುವುದು. ಗುಜರಿಗೆ ಹಾಕಿದ ಕಾರನ್ನು ತಂದು, ಸೀಟು, ಗಾಜು ಎಲ್ಲ ಕಿತ್ತು, ಒಳಗೆ ಕಬ್ಬಿಣದ ಕೊಳವೆಗಳ ಪಂಜರ ಕೂಡಿಸಿ, ಶನಿವಾರ ರೇಸಿಗೆ ಒಯ್ಯುವುದು ಅವನ ಹುಚ್ಚು. ಸ್ಟಾಕ್ ಕಾರ್ ರೇಸ್ ಎಂದರೆ ಅದೇ. ಹೊರಗಿನಿಂದ ನೋಡಿದರೆ ಅಂಗಡಿಯಲ್ಲಿ ಕೊಂಡ ಕಾರು, ಒಳಗಿನಿಂದ ಬೋನು. ಮೊಟ್ಟೆಯಾಕಾರದ ರಸ್ತೆಯಲ್ಲಿ ಎಡಕ್ಕೇ ತಿರುಗುತ್ತ ಸುತ್ತುತ್ತಾರೆ. ಗಾಣದೆತ್ತಿಗೂ ಇವರಿಗೂ ಏನು ವ್ಯತ್ಯಾಸ ಎಂದು, ನನ್ನನ್ನು ಅಲ್ಲಿಗೆ ಕರೆದೊಯ್ದ ಮೊದಲ ದಿನ ಕೇಳಿದ್ದೆ. ಯಜಮಾನರು ಒಂದು ವಾರ ಮುಖ ಊದಿಸಿಕೊಂಡಿದ್ದರು.

ಆಗಿನ ಜನ ಒಳ್ಳೆಯವರು, ಈಗಿನವರು ಕೆಟ್ಟವರು ಎಂದು ನಾನು ಹೇಳುವುದಿಲ್ಲ. ಆಗ ನಾನು ಸೀರೆಯುಟ್ಟು ರೇಸ್ ನೋಡುವವರ ಮೆಟ್ಟಿಲ ಮೇಲೆ ಕೂತರೆ ಕಾರು ಬಿಟ್ಟು ನನ್ನನ್ನೇ ನೋಡುವವರಿದ್ದರು. ಊರಿಗೆ ವಾಪಸ್ ಹೋಗಿ ಎಂದು ಬಿಯರ್ ಕುಡಿದು ಕೂಗಿದವನೂ ಇದ್ದ. ಅದೇ ಜನ ರೇಸ್ ಮುಗಿದ ಮೇಲೆ ಬೇಲಿ ದಾಟಿ ಕೆಳಗಿಳಿದು, ಬಿಸಿ ಬಾನೆಟ್ ಮುಟ್ಟಿ, ಗ್ರೀಸು ಮೆತ್ತಿದ ಕೈಯಲ್ಲೇ ನನ್ನ ಚಿತ್ರಾನ್ನ ತಿನ್ನುತ್ತಿದ್ದರು. ಒಂದು ಕಂಪನಿಯ ಕಾರನ್ನು ಮೆಚ್ಚಿದವನು ಸಾಯುವ ತನಕ ಅದನ್ನೇ ಮೆಚ್ಚುತ್ತಿದ್ದ. ಅವನ ಮಗನೂ ಅದನ್ನೇ.

ನಿಂಬೆಹಣ್ಣು ಶುರುವಾದದ್ದು ಆಗಲೇ. ಒಂದು ಶನಿವಾರ ಆಯುಧಪೂಜೆ ಬಂದಿತ್ತು. ಲಾರಿಯವನ ಮಗಳು, ಕೈ ಸುಮ್ಮನಿರಬೇಕಲ್ಲ. ಗಡ್ಡದವನ ಕಾರಿಗೆ ಕುಂಕುಮ ಇಟ್ಟು ಚಕ್ರದ ಕೆಳಗೆ ಹಣ್ಣಿಟ್ಟೆ. ಅವತ್ತು ಅವನು ಗೆದ್ದುಬಿಟ್ಟ. ಮುಂದಿನ ವಾರ ಕಾರಿನ ಬಾಗಿಲಿಗೆ ಒರಗಿ ನಿಂತು, “ಎಲ್ಲಿ ನಿನ್ನ ಹಣ್ಣು?” ಎಂದ. ಅವನಿಗೆ ನಂಬಿಕೆ ಬಂದಿದೆ, ಇಲ್ಲವೆನ್ನುವುದು ಹೇಗೆ? ಅವನು ಸ್ಟೀರಿಂಗ್ ಹಿಡಿದಷ್ಟು ವರ್ಷವೂ ಇಟ್ಟೆ.

ಈಗ ಅವನಿಗೆ ಮಂಡಿ ನೋವು. ಕಾರು ಅವನದೇ, ಓಡಿಸಲು ಬೇರೆಯವರು ಬೇಕು. ನನ್ನ ಮಗನ ಮಗಳು ಇನ್ನೂ ಹೈಸ್ಕೂಲು, ಆದರೆ ಇಲ್ಲಿ ಹದಿನಾರಕ್ಕೇ ಲೈಸೆನ್ಸ್ ಕೊಡುತ್ತಾರೆ. ಲಿನ್‌ವುಡ್‌ನ ನಮ್ಮ ಮನೆಯಲ್ಲಿ ಕಂಪ್ಯೂಟರ್ ಮುಂದೆ ಸ್ಟೀರಿಂಗ್ ಬಿಗಿಸಿಕೊಂಡು ರೇಸ್ ಆಡುತ್ತಾಳೆ. ಅವಳು ಆಡುವುದನ್ನು ನೋಡುವುದಕ್ಕೇ ಯಾವ್ಯಾವುದೋ ದೇಶದಲ್ಲಿ ಜನ ಇದ್ದಾರಂತೆ. ಅಡುಗೆ ನೋಡಿದರೆ ಹೊಟ್ಟೆ ತುಂಬುತ್ತದೆಯೇ ಎಂದರೆ ನಗುತ್ತಾಳೆ. ಯಜಮಾನರು ಅವಳೊಡನೆ ದಿನಾ ಜಗಳ.

“ಪೆಟ್ರೋಲ್ ವಾಸ್ನೆ ಇಲ್ದೆ ಅದೆಂಥ ರೇಸಮ್ಮ?”

“ತಾತ, ಯೂ ಕಾಂಟ್ ಈವನ್ ಹಿಯರ್ ದ ಇಂಜಿನ್!”

ಅದು ನಿಜ. ಅಷ್ಟು ವರ್ಷ ಆ ಸದ್ದಿನಲ್ಲಿ ಕೂತು ಅವರ ಕಿವಿ ಹೋಗಿದೆ. ನಾನು ಹತ್ತಿ ಇಟ್ಟುಕೊಳ್ಳುತ್ತಿದ್ದೆ, ಉಳಿದುಕೊಂಡೆ.

ಗಡ್ಡದವನು ಅವಳ ಆಟ ನೋಡಿ, ಒಂದು ಶನಿವಾರ ಕಾರು ಕೊಡುತ್ತೇನೆ, ಸರಿಯಾಗಿ ಓಡಿಸಿದರೆ ಈ ಸೀಸನ್ ಪೂರ್ತಿ ಅವಳದೇ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ. ಇದ್ದದ್ದು ಅದೊಂದೇ ಅವಕಾಶ. ಹುಡುಗಿ ಆ ವಾರ ಅನ್ನ ತಿಂದಳೋ ಬೆರಳು ಕಚ್ಚಿದಳೋ ತಿಳಿಯದು.

ಶನಿವಾರ ಮಧ್ಯಾಹ್ನ ಹೋದೆವು. ಅವಳ ಹೆಸರಿನ ಬೋರ್ಡು ಹಿಡಿದು ಮೂವರು ಹುಡುಗಿಯರು ನಿಂತಿದ್ದರು. ಯಾರೇ ಇವರು ಎಂದರೆ, “ಫ್ಯಾನ್ಸ್, ಅಜ್ಜಿ. ನಾನೂ ಇವತ್ತೇ ಫಸ್ಟ್ ಟೈಮ್ ಮೀಟ್ ಮಾಡ್ತಿರೋದು” ಎಂದಳು. ಮುಖ ನೋಡದವರು ಬೋರ್ಡು ಬರೆದು ತರುತ್ತಾರೆ. ನನಗೆ ತಲೆ ಬುಡ ಅರ್ಥವಾಗಲಿಲ್ಲ.

ಗಡ್ಡದವನು ಕಾರಿಗೆ ಒರಗಿ ನಿಂತಿದ್ದ. ನನ್ನನ್ನು ಕಂಡವನೇ ಹಳೇ ಮಾತು: “ಎಲ್ಲಿ ನಿನ್ನ ಹಣ್ಣು?”

ಮೊಮ್ಮಗಳು ಕೈಮುಗಿದಳು. “ಅಜ್ಜಿ, ಪ್ಲೀಸ್, ಬೇಡ.”

ಅವಳು ಹೆಲ್ಮೆಟ್ ತರಲು ಹೋದಾಗ ಚಕ್ರದ ಕೆಳಗೆ ಹಣ್ಣಿಟ್ಟೆ. ಪಕ್ಕದ ಕಾರಿನವನೊಬ್ಬ ಬಂದು, ಈಗ ನೆಲದ ಮೇಲೆ ಏನೂ ಇಡುವ ಹಾಗಿಲ್ಲ, ರೂಲ್ಸು, ಎಂದು ಮರ್ಯಾದೆಯಿಂದಲೇ ಹೇಳಿದ. ಸರಿ, ರೂಲ್ಸಿಗೆ ನಾನೇಕೆ ಅಡ್ಡ ಬರಲಿ? ಹಣ್ಣು ಎತ್ತಿಕೊಂಡು, ಹೆಚ್ಚಿ, ಕುಂಕುಮದಲ್ಲಿ ಅದ್ದಿ ನಾಲ್ಕೂ ಟೈರಿಗೆ ಚೆನ್ನಾಗಿ ಉಜ್ಜಿದೆ. ಸಿಪ್ಪೆ ಚೀಲಕ್ಕೆ ಹಾಕಿಕೊಂಡೆ. ನೆಲವೂ ಚೊಕ್ಕಟ, ಶಾಸ್ತ್ರವೂ ಆಯಿತು.

ಆಮೇಲೆ ತಪಾಸಣೆ. ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಒಂದು ಡಬ್ಬಿಯಂಥ ಯಂತ್ರವನ್ನು ಟೈರಿನ ಹತ್ತಿರ ಹಿಡಿದಳು. ಅದು ಕಿಯ್ ಎಂದಿತು. ಅವಳು ಬಗ್ಗಿ ತನ್ನ ಮೂಗಿನಿಂದಲೂ ಮೂಸಿದಳು. ಟೈರು ಮೆತ್ತಗಾಗಿ ರಸ್ತೆಗೆ ಅಂಟಿಕೊಳ್ಳಲಿ ಎಂದು ಕೆಲವರು ಕದ್ದು ಏನೋ ದ್ರವ ಹಚ್ಚುತ್ತಾರಂತೆ. ಅದಕ್ಕೂ ಹೀಗೇ ಕಿತ್ತಳೆ, ನಿಂಬೆಯ ವಾಸನೆಯಂತೆ. ಹಚ್ಚಿದವರನ್ನು ಮನೆಗೆ ಕಳಿಸುತ್ತಾರೆ.

“ಇದಕ್ಕೆ ಏನು ಹಚ್ಚಿದ್ದೀರಿ?”

ಮೊಮ್ಮಗಳ ಮುಖ ಸುಣ್ಣ ಬಳಿದ ಹಾಗಾಯಿತು. ಗಡ್ಡದವನು ಸುಮ್ಮನಿರದೆ, “ಏನಿಲ್ಲ, ಇವರ ದೇವರ ಜ್ಯೂಸು” ಎಂದ. ಆ ಹೆಂಗಸು ನಗಲಿಲ್ಲ. ನಾನು ಚೀಲದಿಂದ ಸಿಪ್ಪೆ ತೆಗೆದು ಅವಳ ಕೈಗೇ ಕೊಟ್ಟೆ.

“ನಿಂಬೆಹಣ್ಣು. ನಾನೇ ಹಚ್ಚಿದ್ದು. ಹುಡುಗಿಗೆ ಗೊತ್ತಿಲ್ಲ. ಕಳಿಸೋದಾದ್ರೆ ನನ್ನ ಕಳಿಸಿ.”

ನನ್ನ ಇಂಗ್ಲಿಷು ಅವಳಿಗೆ ಎಷ್ಟು ತಿಳಿಯಿತೋ. ಸಿಪ್ಪೆ ಮೂಸಿದಳು, ಯಾರಿಗೋ ಫೋನು ಮಾಡಿದಳು, ಬಹಳ ಹೊತ್ತು ತಲೆಯಾಡಿಸಿದಳು. ಕೊನೆಗೆ, ನಾಲ್ಕೂ ಟೈರು ಬದಲಿಸಿ ಎಲ್ಲರಿಗಿಂತ ಹಿಂದಿನಿಂದ ಹೊರಡಲಿ ಎಂದಳು. ಗಡ್ಡದವನ ಬಳಿ ಇದ್ದದ್ದು ಸವೆದ ಹಳೇ ಟೈರು. ಹುಡುಗಿ ನನ್ನ ಕಡೆ ತಿರುಗಿಯೂ ನೋಡದೆ ಪಂಜರದೊಳಗೆ ತೂರಿಕೊಂಡಳು.

ನಾನು ಮೆಟ್ಟಿಲ ಮೇಲೆ ಹೋಗಿ ಕೂತೆ. ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಈಗ ಜನ ಕೂಗುವುದು ಕಡಿಮೆ. ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ಫೋನಿನ ಮೇಲೆ, ಕಿವಿಗೆ ಹೆಡ್‌ಫೋನು. ಓಡಿಸುವವರು ರೇಡಿಯೋದಲ್ಲಿ ಮಾತಾಡುವುದು ಎಲ್ಲರಿಗೂ ಕೇಳಿಸುತ್ತದೆ. ಮೊಮ್ಮಗಳು ಯಜಮಾನರಿಗೂ ಒಂದು ಹಾಕಿಸಿದ್ದಳು. ಮನೆಯಲ್ಲಿ ನಾನು ಕಿರುಚಿದರೂ ಕೇಳದವರಿಗೆ ಅಲ್ಲಿ ಎಲ್ಲ ಕೇಳುತ್ತಿತ್ತು.

ಅವಳ ಕಾರು ತಿರುವಿನಲ್ಲಿ ಎಮ್ಮೆ ಜಾರಿದ ಹಾಗೆ ಜಾರುತ್ತಿತ್ತು. ಆದರೂ ಒಬ್ಬನನ್ನು ದಾಟಿದಳು, ಇನ್ನೊಬ್ಬನನ್ನು ದಾಟಿದಳು. ಯಾರೋ ಗೋಡೆಗೆ ಗುದ್ದಿದ್ದಕ್ಕೆ ಹಳದಿ ಬಾವುಟ ಹಾರಿತು, ಎಲ್ಲ ಕಾರೂ ನಿಧಾನವಾದವು. ಆಗ ಸುತ್ತಲಿನವರೆಲ್ಲ ಹೆಡ್‌ಫೋನು ಒತ್ತಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಯಜಮಾನರು ಕಿವುಡರ ದನಿಯಲ್ಲಿ ಅರಚಿದರು.

“ಲೇ, ಅಜ್ಜಿಗೆ ಊಟ ಮಾಡಕ್ಕೆ ಹೇಳಿ ಅಂತಿದಾಳೆ ಕಣೇ! ಕನ್ನಡದಲ್ಲಿ!”

ನಾವು ಏನು ಕೇಳಿದರೂ ಇಂಗ್ಲಿಷು ಬೆರೆಸದೆ ಉತ್ತರ ಕೊಡದ ಹುಡುಗಿ ಅದು. ಮುಂದಿನ ಸಾಲಿನ ಟೋಪಿಯವನು ತಿರುಗಿ, ಅದು ಯಾವ ಭಾಷೆ, ಏನೆಂದಳು ಎಂದು ಕೇಳಿದ.

“ನನಗೆ ಊಟ ಮಾಡು ಅಂದಳು.”

“ಮತ್ತೆ ಮಾಡಿ!” ಎಂದ. ಹಿಂದಿನ ಸಾಲಿನವರೂ ಮಾಡಿ ಮಾಡಿ ಎಂದರು. ರೇಸು ಬಿಟ್ಟು ಎಲ್ಲರಿಗೂ ನನ್ನ ಊಟದ ಚಿಂತೆ. ಆಗಿನ ಕಾಲದಲ್ಲಿ ಗಡ್ಡದವನು ಆ ಬೋನಿನೊಳಗೆ ಏನು ಗೊಣಗುತ್ತಿದ್ದನೋ ನಮಗೇನು ಗೊತ್ತಿತ್ತು? ತಿಂದೆ. ಟೋಪಿಯವನಿಗೂ ಒಂದು ಮುಷ್ಟಿ ಚಿತ್ರಾನ್ನ ಕೊಟ್ಟೆ. ಖಾರ ಎಂದ.

ಅವಳು ಗೆಲ್ಲಲಿಲ್ಲ. ನಡುವೆ ಎಲ್ಲೋ ಬಂದಳು. ಕಾರಿಗೆ ಒಂದು ಗೀರೂ ಆಗಿರಲಿಲ್ಲ. ಗಡ್ಡದವನು ಸುತ್ತ ನಡೆದು ನೋಡಿ, “ಆ ಟೈರಲ್ಲಿ ನಾನೂ ಇಷ್ಟು ಓಡಿಸ್ತಿರಲಿಲ್ಲ. ಸೀಸನ್ ನಿನ್ನದು” ಎಂದ. ನನ್ನ ಕಡೆ ತಿರುಗಿ, “ಇನ್ನು ಹಣ್ಣು ಬೇಡ” ಎಂದ.

“ನಿನಗೇ ತಾನೇ ನಂಬಿಕೆ?” ಎಂದೆ.

“ನನಗಾ? ಬೇಡ ಅಂದ್ರೆ ನೀನು ನೊಂದ್ಕೋತೀಯ ಅಂತ ಕೇಳ್ತಿದ್ದೆ. ನಂಬಿಕೆ ನಿನ್ನದಲ್ವಾ?”

ಅಷ್ಟು ವರ್ಷ ಅವನಿಗಾಗಿ ನಾನು, ನನಗಾಗಿ ಅವನು. ಎಷ್ಟು ಹಣ್ಣು ದಂಡವಾಯಿತೋ.

ಮನೆಗೆ ಬರುವಾಗ ಕಾರಿನಲ್ಲಿ ಮೊಮ್ಮಗಳು ನಕ್ಕು ನಕ್ಕು ಸುಸ್ತಾದಳು. “ಸೋ, ಯಾರಿಗೂ ನಂಬಿಕೆ ಇರ್ಲಿಲ್ವಾ?”

ಏನೂ ಕೇಳಿಸುತ್ತಿಲ್ಲ ಎಂದು ನಾನು ತಿಳಿದಿದ್ದ ಯಜಮಾನರು ಕಿಟಕಿಯ ಕಡೆ ನೋಡುತ್ತಲೇ, “ನಂಗಿತ್ತು” ಎಂದರು.

ವಿಮಾನದ ಇಂಜಿನ್ನು ಬಿಚ್ಚಿ ಜೋಡಿಸಿದ ಮನುಷ್ಯ! ಒಂದು ದಿನವೂ ಬಾಯಿಬಿಟ್ಟಿರಲಿಲ್ಲ.

ಮುಂದಿನ ಶನಿವಾರ ನಾನು ನಿಂಬೆಹಣ್ಣು ಮುಟ್ಟಲಿಲ್ಲ. ಬುತ್ತಿ ಹಿಡಿದು ಹೊರಗೆ ಬಂದರೆ, ಮನೆಯ ಮುಂದೆ ನಿಂತಿದ್ದ ನಮ್ಮ ಸ್ವಂತ ಕಾರಿನ ಚಕ್ರದ ಕೆಳಗೆ ಯಜಮಾನರು ಬಗ್ಗಿ ಹಣ್ಣು ಇಡುತ್ತಿದ್ದರು. ಇಲ್ಲಿ ಮೂಸುವವರು ಯಾರೂ ಇಲ್ಲವಲ್ಲ ಎಂದರು. ಸ್ಟೀರಿಂಗ್ ಹಿಡಿದಿದ್ದ ಮೊಮ್ಮಗಳು ಗಾಜು ಇಳಿಸಿ, “ತಾತ, ಬೇಗ, ಲೇಟ್ ಆಗ್ತಿದೆ” ಎಂದಳು. ಬೇಡ ಎನ್ನಲಿಲ್ಲ. ನಾನು ಹಿಂದಿನ ಸೀಟಿನಲ್ಲಿ ಕೂತೆ. ಪಚಕ್ ಎಂದಿತು.