ಗುರುಮಲ್ಲಪ್ಪನವರು ಒಪ್ಪದ ಹೋಟೆಲು
ಜಯಲಕ್ಷ್ಮಿಪುರಂನ ಆ ಬೀದಿಯಲ್ಲಿ ಯಾರೇ ವಿದೇಶಕ್ಕೆ ಹೊರಟರೂ ಹೋಟೆಲನ್ನು ಗುರುಮಲ್ಲಪ್ಪನವರೇ ಆರಿಸಬೇಕು. ಕೇಳದೆ ಬುಕ್ ಮಾಡಿದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಟರ್ಕಿಯ ಕಡಲತೀರಕ್ಕೆ ಹೊರಟ ಪಕ್ಕದ ಮನೆಯ ಮೃತ್ಯುಂಜಯನ ಕೈಯಿಂದ ಪಂಚತಾರಾ ಹೋಟೆಲಿನ ಬ್ರೋಷರ್ ಕಿತ್ತುಕೊಂಡು, "ಏನಯ್ಯಾ ಇದು? ಬಚ್ಚಲಲ್ಲಿ ಒಂದು ಚೊಂಬಿಲ್ಲ, ಶಿವಪೂಜೆಗೆ ಕೂರೋಕೆ ಒಂದು ಮೂಲೆಯಿಲ್ಲ, ಬೆಳಗ್ಗೆ ತಿಂಡಿಗೆ ಉಪ್ಪಿನಲ್ಲಿ ನೆನೆಸಿದ ಆಲಿವ್ ಕಾಯಿಯಂತೆ! ಇಷ್ಟು ದುಡ್ಡು ಸುರಿದು ಉಪವಾಸ ಬೀಳ್ತೀಯಾ?" ಎಂದು ಬೀದಿಗೆಲ್ಲ ಕೇಳುವಂತೆ ಗದರುತ್ತಾರೆ. "ನೀವು ಯಾವ್ಯಾವ ದೇಶ ನೋಡಿದೀರಿ ಸಾರ್?" ಎಂದು ಅವನು ಕೇಳಿದರೆ, "ಅಧಿಕಪ್ರಸಂಗಿ!" ಎಂದು ದಡದಡನೆ ಮನೆಯೊಳಕ್ಕೆ ನಡೆಯುತ್ತಾರೆ. ಅಲ್ಲಿ ದೇವರ ಗೂಡಿನಲ್ಲಿ, ತೊಂಬತ್ತನಾಲ್ಕನೇ ಇಸವಿಯಲ್ಲಿ ಮಾಡಿಸಿದ ಅವರ ಪಾಸ್‌ಪೋರ್ಟಿದೆ. ಪ್ರತಿ ಆಯುಧಪೂಜೆಗೂ ಸ್ಕೂಟರಿನ ಜೊತೆಗೆ ಅದಕ್ಕೂ ವಿಭೂತಿ ಹಚ್ಚುತ್ತಾರೆ. ಯಾವ ದೇಶದ ಮುದ್ರೆಯೂ ಅದಕ್ಕೆ ಇನ್ನೂ ಬಿದ್ದಿಲ್ಲ.