ಮೂರು ಗಂಟೆಯ ಹಗ್ಗ

ಆ ಬೀದಿಯಲ್ಲಿ ಅವನನ್ನು ಎಲ್ಲರೂ ಕನ್ನಡಕದಣ್ಣ ಎಂದೇ ಕರೆಯುತ್ತಿದ್ದರು. ಕನ್ನಡಕದ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಕೂತು, ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು ಅವನ ಕೆಲಸ. ಇಪ್ಪತ್ತನಾಲ್ಕು ವರ್ಷದಿಂದ ಅದೇ ಸ್ಟೂಲು, ಅದೇ ಉಜ್ಜುವ ಚಕ್ರ, ಚಕ್ರದ ಮೇಲೆ ಸಣ್ಣಗೆ ಬೀಳುವ ಅದೇ ನೀರು. ಸಾಸಿವೆ ಕಾಳಿಗಿಂತ ಚಿಕ್ಕ ಸ್ಕ್ರೂ ಕೈಜಾರಿ ಬಿದ್ದರೆ, ಸದ್ದು ಕೇಳಿಯೇ ಎಲ್ಲಿ ಬಿತ್ತೆಂದು ಹೇಳುತ್ತಿದ್ದ. ಒಮ್ಮೆ ಮದುವೆಯ ಮಾತು ಎದ್ದು ಮುರಿದುಬಿದ್ದ ಮೇಲೆ ಮತ್ತೆ ಯಾರೂ ಆ ಸುದ್ದಿ ಎತ್ತಿರಲಿಲ್ಲ. ವಯಸ್ಸು ನಲವತ್ತೇಳಾಗಿತ್ತು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅವನು, ಅವನ ಅಮ್ಮ. ತಂಗಿಯೊಬ್ಬಳು ಮದುವೆಯಾಗಿ ದೂರದ ಊರಿನಲ್ಲಿದ್ದಳು.

ಅಮ್ಮ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ಅಡುಗೆ ಮಾಡಿದವಳು. ಇನ್ನೂರು ಜನಕ್ಕೆ ಬಡಿಸಿ, ಕೊನೆಗೆ ನಿಂತುಕೊಂಡೇ ಐದು ನಿಮಿಷದಲ್ಲಿ ತನ್ನ ಊಟ ಮುಗಿಸುವ ಅಭ್ಯಾಸ. ಅಂಥವಳು ಒಂದು ವರ್ಷ ಕೂತು ಉಣ್ಣತೊಡಗಿದಳು. ಪ್ರತಿ ತುತ್ತಿಗೂ ಒಂದು ಗುಟುಕು ನೀರು. ಐದು ನಿಮಿಷದ ಊಟ ಅರ್ಧ ಗಂಟೆಯಾಯಿತು. ಮಗ ಕೇಳಿದ್ದಕ್ಕೆ, ಹಲ್ಲು ಮುದಿಯಾದ ಮೇಲೆ ಗಂಟಲು ಹರೆಯದಲ್ಲೇ ಇರುತ್ತದೆಯೇ ಎಂದು ನಕ್ಕಳು. ಅವನೂ ನಕ್ಕ. ಆಮೇಲೆ ಒಂದು ಬೆಳಿಗ್ಗೆ ಹಾಲಿನಲ್ಲಿ ನೆನೆಸಿದ ಬ್ರೆಡ್ಡಿನ ತುಣುಕು ಇಳಿಯದೆ, ಅವಳು ಸಿಂಕಿನ ಅಂಚನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕಣ್ಣಲ್ಲಿ ನೀರು ಸುರಿಸುತ್ತ ನಿಂತಿದ್ದನ್ನು ಕಂಡ. ಅವತ್ತೇ ಆಸ್ಪತ್ರೆಗೆ ಹೋದರು.

ಅನ್ನನಾಳದಲ್ಲಿ ಗಡ್ಡೆ ಬೆಳೆದು ಉಸಿರಿನ ಕೊಳವೆಗೆ ಅಂಟಿಕೊಂಡಿದೆ, ಆಪರೇಷನ್ ಸಾಧ್ಯವಿಲ್ಲ ಎಂದರು. ರೇಡಿಯೇಷನ್ ಕೊಟ್ಟು ನೋಡುವುದು, ಅಲ್ಲಿಯವರೆಗೆ ಹೊಟ್ಟೆಗೆ ನೇರವಾಗಿ ಒಂದು ನಳಿಕೆ. ತಂಗಿ ಫೋನಿನಲ್ಲಿ ಅತ್ತು, ಕೊನೆಗೆ ಒಂದು ಮಾತು ಹೇಳಿದಳು. ಊರವರ ಕಣ್ಣಿಗೆಲ್ಲ ಕನ್ನಡಕ ಮಾಡಿ ಕೊಡುವವನಿಗೆ ಪಕ್ಕದಲ್ಲಿ ಕೂತು ಉಣ್ಣುವವರು ಕಾಣಲಿಲ್ಲವೇ ಎಂದು. ಅವಳು ಸಂಕಟಕ್ಕೆ ಆಡಿದ ಮಾತು. ಅವನ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ನರ್ಸು ಹತ್ತು ನಿಮಿಷದಲ್ಲಿ ಎಲ್ಲವನ್ನೂ ಕಲಿಸಿ ಕಳಿಸಿದಳು. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಮೂರು ಗಂಟೆಗೊಮ್ಮೆ. ಅಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಬೇಕು, ನಳಿಕೆಯ ಮುಚ್ಚಳ ತೆಗೆದು ದೊಡ್ಡ ಸಿರಿಂಜಿನಲ್ಲಿ ಗಂಜಿಯಂಥ ದ್ರವವನ್ನು ನಿಧಾನಕ್ಕೆ ಇಳಿಸಬೇಕು, ಕೊನೆಗೆ ಬೆಚ್ಚನೆ ನೀರು. ಅರ್ಧ ಗಂಟೆ ಹಿಡಿಯುವ ಕೆಲಸ. ಮೊದಲ ದಿನ ಅವನು ಸಿರಿಂಜಿನ ಗೆರೆಗಳನ್ನು ಮತ್ತೆ ಮತ್ತೆ ಎಣಿಸುವುದನ್ನು ನೋಡಿ ಅಮ್ಮ ಹೇಳಿದಳು, “ಇಷ್ಟು ವರ್ಷ ಎಲ್ರ ತಪ್ಪನ್ನೂ ನಾನೇ ಹೊಟ್ಟೆಗೆ ಹಾಕ್ಕೊಂಡೆ. ಇನ್ಮೇಲೆ ನೀನು ಹಾಕು.”

ಅಂಗಡಿಗೆ ಇಪ್ಪತ್ತು ನಿಮಿಷದ ನಡಿಗೆ. ಒಂಬತ್ತರದು ಮುಗಿಸಿ ಹೊರಟರೆ ಹತ್ತಕ್ಕೆ ಸ್ಟೂಲಿನ ಮೇಲೆ. ಹನ್ನೊಂದೂವರೆಗೆ ಮತ್ತೆ ಚಪ್ಪಲಿ ಮೆಟ್ಟಬೇಕು. ಎಪ್ಪತ್ತೆರಡು ಮೆಟ್ಟಿಲು ಹತ್ತಬೇಕು, ಇಳಿಯಬೇಕು. ಮೂರಕ್ಕೆ ಮತ್ತೆ ಅದೇ. ಅಂಗಡಿಯ ಯಜಮಾನರು ಒಳ್ಳೆಯವರು, ಬಾಯಿ ಬಿಟ್ಟು ಏನೂ ಅನ್ನಲಿಲ್ಲ, ಗೋಡೆಯ ಗಡಿಯಾರವನ್ನು ಮಾತ್ರ ನೋಡುತ್ತಿದ್ದರು. ಗೂಟಕ್ಕೆ ಕಟ್ಟಿದ ಹಸು ಹಗ್ಗ ಎಟುಕುವಷ್ಟೇ ಮೇಯುವ ಹಾಗೆ ಅವನ ಬದುಕು ಮೂರು ಗಂಟೆಯ ಸುತ್ತಳತೆಗೆ ಬಂದು ನಿಂತಿತು. ಸ್ನೇಹಿತನ ಮನೆಗೆ ಹೋಗುವಂತಿರಲಿಲ್ಲ. ಕ್ಷೌರಕ್ಕೆ ಕೂತರೂ ಗಂಟೆ ಎಷ್ಟಾಯಿತೆಂದು ಎರಡು ಸಲ ಕೇಳುತ್ತಿದ್ದ.

ಬೇರೆ ಯಾರಾದರೂ ಬಂದು ಒಂದು ಹೊತ್ತು ನೋಡಿಕೊಳ್ಳಲಿ ಎಂದರೆ ಅಮ್ಮ ಒಪ್ಪಲಿಲ್ಲ. ತನ್ನ ಹೊಟ್ಟೆಯ ತೂತನ್ನು ಕಂಡಕಂಡವರಿಗೆ ತೋರಿಸಲು ತಾನೇನು ವಸ್ತುಪ್ರದರ್ಶನವೇ ಎಂದು ಕೇಳಿದಳು.

ಎಲ್ಲಕ್ಕಿಂತ ಕಷ್ಟವಾದದ್ದು ಬೇರೆಯೇ. ಅಮ್ಮ ಅಡುಗೆ ಬಿಡಲಿಲ್ಲ. ತಾನು ಒಂದು ತುತ್ತೂ ನುಂಗಲಾರದವಳು ದಿನವೂ ಮಗನಿಗೆ ಬಿಸಿಬಿಸಿಯಾಗಿ ಮಾಡಿ ಬಡಿಸಿ, ಎದುರಿಗೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅವನ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನೇ ಅವಳ ಕಣ್ಣು ಹಿಂಬಾಲಿಸುತ್ತಿತ್ತು. ಉಪ್ಪು ಸರಿ ಇದೆಯೇ ಎಂದು ಕೇಳುತ್ತಿದ್ದಳು. ಅವನು ಅರ್ಧ ತಟ್ಟೆಗೇ ಕೈ ತೊಳೆಯುತ್ತಿದ್ದ. ತಿಂದರೆ ಪಾಪ, ಬಿಟ್ಟರೆ ಅವಳ ಮುಖ ಸಣ್ಣದಾಗುತ್ತಿತ್ತು. ಹೀಗಾಗಿ ಅವನ ಹೊಟ್ಟೆ ತುಂಬುತ್ತಿರಲಿಲ್ಲ; ದಾರಿಯಲ್ಲಿ ಬನ್ನು ಕೊಂಡು, ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ಮುಖ ಮಾಡಿ ನಿಂತು ಕಳ್ಳನಂತೆ ತಿಂದು, ಬಾಯಿ ಒರೆಸಿಕೊಂಡು ಮೇಲೆ ಹೋಗುತ್ತಿದ್ದ.

ರೇಡಿಯೇಷನ್ನಿನ ಹದಿನೇಳನೆಯ ದಿನ, ಅಮ್ಮ ಒಳಗಿದ್ದಾಗ, ಆಸ್ಪತ್ರೆಯ ಕಂಬವೊಂದಕ್ಕೆ ಅಂಟಿಸಿದ್ದ ಮಾಸಿದ ಕಾಗದವನ್ನು ಅವನು ಓದಿದ. ಅನ್ನನಾಳದ ಕ್ಯಾನ್ಸರ್ ಇರುವವರ, ಅವರ ಮನೆಯವರ ಬಳಗ. ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ ಹತ್ತಕ್ಕೆ, ಕೋಣೆ ಹದಿನಾಲ್ಕು. ಆ ಶನಿವಾರ ಒಂಬತ್ತರ ಪಾಳಿ ಮುಗಿಸಿ, ಅಂಗಡಿಗೆ ಹೋಗುವ ಬದಲು ಅಲ್ಲಿಗೆ ಹೋದ. ಹನ್ನೆರಡು ಕುರ್ಚಿಗಳನ್ನು ವೃತ್ತವಾಗಿ ಇಟ್ಟಿದ್ದರು. ಒಂದರಲ್ಲಿ ಒಬ್ಬ ತೆಳ್ಳನೆಯ ಮುದುಕರು ನೆಟ್ಟಗೆ ಕೂತು ಬಿಸ್ಕತ್ತನ್ನು ಇಲಿಯಂತೆ ಸ್ವಲ್ಪಸ್ವಲ್ಪವೇ ಕಡಿಯುತ್ತಿದ್ದರು. ಬೇರೆ ಯಾರೂ ಇರಲಿಲ್ಲ.

ಬಳಗ ಇದೇ ಕೋಣೆಯಲ್ಲವೇ ಎಂದು ಕನ್ನಡಕದಣ್ಣ ಕೇಳಿದ.

“ಇದೇ. ಬಳಗ ಅಂದ್ರೆ ಸದ್ಯಕ್ಕೆ ನಾನೇ. ಕೂತ್ಕೊಳಿ, ಈಗ ಇಬ್ರಾದ್ವಿ.”

ಅವರು ಬಸ್ ಡ್ರೈವರಾಗಿ ನಿವೃತ್ತರಾದವರು. ಆರು ವರ್ಷದ ಹಿಂದೆ ಅವರ ಅನ್ನನಾಳ ಕತ್ತರಿಸಿ ತೆಗೆದು, ಹೊಟ್ಟೆಯನ್ನೇ ಮೇಲಕ್ಕೆ ಎಳೆದು ಜೋಡಿಸಿದ್ದರಂತೆ. ದಿನಕ್ಕೆ ಎಂಟು ಸಲ ಹಿಡಿಯಷ್ಟು ತಿನ್ನಬೇಕು. ತಿಂದ ಮೇಲೆ ಬಗ್ಗಿದರೆ ಎಲ್ಲ ವಾಪಸು. ಬಳಗ ನಡೆಸುತ್ತಿದ್ದ ಡಾಕ್ಟರಮ್ಮನಿಗೆ ವರ್ಗವಾಗಿ ಎರಡು ವರ್ಷವಾಗಿತ್ತು. ಕೆಲವರು ಗುಣವಾಗಿ ಬಿಟ್ಟರು, ಕೆಲವರು ತೀರಿಕೊಂಡರು. ಕಾಗದವನ್ನು ಯಾರೂ ಕಿತ್ತಿರಲಿಲ್ಲ. ಓದಿಕೊಂಡು ಯಾರಾದರೂ ಬಂದರೆ ಖಾಲಿ ಕೋಣೆ ನೋಡಿ ಹಿಂದಿರುಗಬಾರದಲ್ಲ ಎಂದು ಇವರು ತಿಂಗಳಿಗೆರಡು ಸಲ ಬಂದು ಕೂರುತ್ತಿದ್ದರು.

ಅವತ್ತು ಕನ್ನಡಕದಣ್ಣ ಕಲಿತದ್ದು ನರ್ಸು ಕಲಿಸಿದ್ದಕ್ಕಿಂತ ಹೆಚ್ಚು. ಮಾತ್ರೆಯನ್ನು ಹೇಗೆ ನುಣ್ಣಗೆ ಅರೆದರೆ ನಳಿಕೆ ಕಟ್ಟಿಕೊಳ್ಳುವುದಿಲ್ಲ, ಮಂಚದ ತಲೆಯ ಕಡೆಯ ಕಾಲಿಗೆ ಎಷ್ಟು ಇಟ್ಟಿಗೆ ಇಡಬೇಕು, ನಳಿಕೆ ಜಾರಿ ಹೊರಬಂದರೆ ಏನು ಮಾಡಬೇಕು. ಆ ಕೊನೆಯದನ್ನು ಡ್ರೈವರು ಎರಡು ಸಲ ಹೇಳಿದರು. ತಾವೇ ತುರುಕಲು ಹೋಗಬಾರದು, ಸ್ವಚ್ಛ ಬಟ್ಟೆ ಮುಚ್ಚಿ ಆದಷ್ಟು ಬೇಗ ಆಸ್ಪತ್ರೆಗೆ ತರಬೇಕು. ಹೊತ್ತು ಕಳೆದರೆ ಆ ತೂತು ಮುಚ್ಚತೊಡಗುತ್ತದೆ. ಇದನ್ನು ತಿಳಿದ ಇನ್ನೊಬ್ಬರು ಅದೇ ಕಟ್ಟಡದಲ್ಲಿ ಇರಲೇಬೇಕು ಎಂದರು. ಯಾರಿದ್ದಾರೆ ಎಂದು ಕೇಳಿದರು.

ಉತ್ತರದ ಬದಲು ಕನ್ನಡಕದಣ್ಣನ ಬಾಯಿಂದ ಬೇರೊಂದು ಮಾತು ಬಂತು. ಅದನ್ನು ಹೇಳಲೆಂದು ಅವನು ಬಂದಿರಲಿಲ್ಲ.

“ಒಂದೊಂದ್ಸಲ ಮೆಟ್ಲು ಹತ್ತುವಾಗ ಅನ್ಸುತ್ತೆ… ಇದು ಬೇಗ ಮುಗಿದುಹೋಗ್ಲಿ ಅಂತ. ಹೆತ್ತಮ್ಮ ಅವಳು.”

ಡ್ರೈವರು ಬಿಸ್ಕತ್ತಿನ ಚೂರನ್ನು ಅಗಿದು ಮುಗಿಸಿದರು.

“ನನ್ ಹೆಂಡ್ತಿ ಇದನ್ನ ನನ್ ಮುಖಕ್ಕೇ ಹೇಳಿದ್ಳು. ನಾನು ಒಂದು ವಾರ ಮಾತು ಬಿಟ್ಟೆ. ಆಮೇಲೆ ಯೋಚಿಸಿದ್ರೆ, ನಾನೂ ಅದನ್ನೇ ಬೇಡ್ಕೋತಿದ್ದೆ. ನೀವು ಅಮ್ಮ ಮುಗೀಲಿ ಅಂತಿಲ್ಲ, ಕಷ್ಟ ಮುಗೀಲಿ ಅಂತಿದ್ದೀರಿ. ಎರಡೂ ಒಂದೇ ಬಸ್ಸಲ್ಲಿ ಬರೋದ್ರಿಂದ ಗೊತ್ತಾಗಲ್ಲ, ಅಷ್ಟೇ.”

ಕನ್ನಡಕದಣ್ಣ ಕರವಸ್ತ್ರಕ್ಕೆ ತಡಕಾಡಿದ. ಜೇಬಿನಲ್ಲಿ ಸಿಕ್ಕಿದ್ದು ಗಾಜು ಒರೆಸುವ ಬಟ್ಟೆ. ಅದರಲ್ಲೇ ಮುಖ ಒರೆಸಿಕೊಂಡು, ಗಡಿಯಾರ ನೋಡಿ, ಎದ್ದು ಓಡಿದ.

ಕಟ್ಟಡದಲ್ಲಿ ಹಗಲು ಹೊತ್ತು ಮನೆಯಲ್ಲೇ ಇರುವವಳು ಒಬ್ಬಳೇ. ಅವರ ಮನೆಯ ನೇರ ಕೆಳಗೆ, ಎರಡನೇ ಮಹಡಿಯಲ್ಲಿ ಬಟ್ಟೆ ಇಸ್ತ್ರಿ ಮಾಡಿಕೊಡುವ ಇಸ್ತ್ರಿಯಮ್ಮ. ಅಮ್ಮನಿಗೂ ಅವಳಿಗೂ ಎಂಟು ವರ್ಷದಿಂದ ಮಾತಿರಲಿಲ್ಲ. ಅಮ್ಮ ಒಣಹಾಕಿದ ಸೀರೆಯ ನೀರು ತೊಟ್ಟಿಕ್ಕಿ ಅವಳ ಗಿರಾಕಿಯ ರೇಷ್ಮೆ ಸೀರೆ ಕಲೆಯಾಗಿದ್ದೇ ಕಾರಣ. ಇಬ್ಬರ ಜಗಳ ಕೇಳಲು ಪಕ್ಕದ ಕಟ್ಟಡದವರೂ ಕಿಟಕಿಗೆ ಬಂದಿದ್ದರು. ಅಮ್ಮನಿಗೆ ಗೊತ್ತಾದರೆ ಮನೆ ರಣರಂಗ. ಯಾರಿಗೂ ಹೇಳದೆ ಇದ್ದು ಏನಾದರೂ ಆದರೆ? ಅತ್ತ ದರಿ, ಇತ್ತ ಪುಲಿ. ಮೂರು ದಿನ ತಿಣುಕಾಡಿ, ನಾಲ್ಕನೆಯ ದಿನ ಅವನು ಬಾಗಿಲು ತಟ್ಟಿದ. ಇಸ್ತ್ರಿಯಮ್ಮ ಕಾದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಕೇಳಿಸಿಕೊಂಡಳು. ಓದು ಬಾರದಿದ್ದರಿಂದ ಅವನು ಬರೆದು ತಂದಿದ್ದ ಚೀಟಿ ಬೇಡವೆಂದಳು. ಹೇಳಿದ್ದನ್ನು ಒಂದಕ್ಷರ ಬಿಡದೆ ತಿರುಗಿ ಒಪ್ಪಿಸಿ, ಅವನ ನಂಬರನ್ನು ತನ್ನ ಫೋನಿಗೆ ಹಾಕಿಸಿಕೊಂಡಳು. ಅಮ್ಮನಿಗೆ ತಿಳಿಯುವುದು ಬೇಡ ಎಂದಾಗ ಮಾತ್ರ, ತನಗೇನು ಆಕೆಯ ಜೊತೆ ಹರಟೆ ಹೊಡೆಯುವ ಹಂಬಲವಿಲ್ಲ ಎಂದು ಬಾಗಿಲು ಹಾಕಿಕೊಂಡಳು.

ತಿಂಗಳು ಕಳೆಯಿತು. ಒಂದು ಮಧ್ಯಾಹ್ನ ಅವಸರದ ಕನ್ನಡಕವೊಂದು ಬಂತು. ಉಜ್ಜುವಾಗ ಗಾಜಿನ ಅಂಚು ಸೀಳಿ, ಮತ್ತೊಂದನ್ನು ಮೊದಲಿಂದ ಮಾಡಬೇಕಾಯಿತು. ಕನ್ನಡಕದಣ್ಣ ಚಕ್ರ ನಿಲ್ಲಿಸಿದಾಗ ಮೂರೂ ಐದು. ಚಪ್ಪಲಿ ಮೆಟ್ಟುತ್ತಿದ್ದಾಗ ಫೋನು ಬಂತು. ಇಸ್ತ್ರಿಯಮ್ಮ ಆಸ್ಪತ್ರೆಯಿಂದ ಮಾತಾಡುತ್ತಿದ್ದಳು. ಅವನು ಅಲ್ಲಿಂದಲೇ ಓಡಿದ.

ನಡೆದದ್ದು ಇಷ್ಟು. ಎರಡು ಗಂಟೆಯ ಹೊತ್ತಿಗೆ ಅಮ್ಮ ಮಂಚದಿಂದ ಏಳುವಾಗ ನಳಿಕೆ ಅದರ ಹಿಡಿಕೆಗೆ ಸಿಕ್ಕಿಕೊಂಡು ಪೂರ್ತಿ ಕಿತ್ತು ಬಂದಿತ್ತು. ಫೋನು ಆಚೆ ಕೋಣೆಯಲ್ಲಿ. ಕೂಗಲು ಗಂಟಲಿನಲ್ಲಿ ಶಕ್ತಿಯಿರಲಿಲ್ಲ. ಕೈಗೆ ಸಿಕ್ಕಿದ ಸ್ಟೀಲು ಲೋಟದಿಂದ ನೆಲವನ್ನು ಕುಟ್ಟಿದಳು. ಆ ನೆಲದ ಕೆಳಗೆ ಯಾರಿದ್ದಾರೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಬಿಡದೆ ಕುಟ್ಟಿದಳು. ಇಸ್ತ್ರಿಯಮ್ಮ ಮೊದಲು ಇದು ಹೊಸ ಜಗಳಕ್ಕೆ ಕರೆಯೆಂದೇ ಎಣಿಸಿ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿದಳಂತೆ. ಬಾಗಿಲು ತಳ್ಳಿ ನೋಡಿದವಳು ಸರಸರನೆ ಕೆಳಗೆ ಹೋಗಿ, ಆಗ ತಾನೇ ಇಸ್ತ್ರಿ ಮಾಡಿಟ್ಟ ಬಿಳಿಯ ಬಟ್ಟೆ ತಂದು ಮಡಚಿ ಹೊಟ್ಟೆಗೆ ಒತ್ತಿ ಕಟ್ಟಿ, ಆಟೋ ಕರೆಸಿ, ಅಮ್ಮನನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಂಡು ಹೋಗಿದ್ದಳು.

ಕನ್ನಡಕದಣ್ಣ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಹೊಸ ನಳಿಕೆ ಕೂರಿಸಿ ಆಗಿತ್ತು. ಅವನು ಮಂಚದ ಪಕ್ಕ ನಿಂತು, ತಪ್ಪಾಯಿತು, ಇನ್ನು ಅಂಗಡಿ ಬಿಟ್ಟು ಮನೆಯಲ್ಲೇ ಇರುತ್ತೇನೆ ಎಂದು ತೊದಲಿದ. ಅಮ್ಮ ಕೈಯೆತ್ತಿ ತಡೆದಳು. ದನಿ ಪಿಸುಮಾತಾಗಿತ್ತು.

“ಬೇಡಪ್ಪ. ನಿನ್ ಮುಖ ನೋಡಿ ನೋಡಿ ನಂಗೂ ಸಾಕಾಗಿದೆ.”

ಅವನು ಸ್ಟೂಲು ಎಳೆದುಕೊಂಡು ಕೂತ ಮೇಲೆ ಅಮ್ಮ ಮುಂದುವರಿಸಿದಳು.

“ಮೂರು ಗಂಟೆಗೊಂದ್ಸಲ ಬರ್ತೀಯ, ಸತ್ತೋರ ಮನೆಗೆ ಬಂದೋನ ಥರ ನೋಡ್ತೀಯ. ಒಂದು ಮಾತು ಜೋರಾಗಿ ಆಡಿದ್ರೆ ಕಣ್ಣು ತುಂಬ್ಕೋತೀಯ. ನಾನು ಯಾರ ಹತ್ರ ಜಗಳ ಆಡ್ಲಿ ಹೇಳು? ಮಧ್ಯಾಹ್ನ ಅವಳೇ ಬರ್ಲಿ. ಅವಳಿಗೆ ಬಾಯಿದೆ.”

ಬಾಗಿಲ ಬಳಿ ಕೂತಿದ್ದ ಇಸ್ತ್ರಿಯಮ್ಮ ತನ್ನಷ್ಟಕ್ಕೆ ಬಟ್ಟೆಯ ಮಡಿಕೆ ಸರಿಮಾಡುತ್ತಿದ್ದಳು.

ಕನ್ನಡಕದಣ್ಣನಿಗೆ ಆ ಮಾತನ್ನು ಅರಗಿಸಿಕೊಳ್ಳಲು ಬಹಳ ದಿನ ಹಿಡಿಯಿತು. ಸಿಕ್ಕಿಬಿದ್ದವನು ತಾನೊಬ್ಬನೇ ಎಂದುಕೊಂಡಿದ್ದ. ಕೋಣೆಯ ಒಳಗಿನಿಂದ ನೋಡಿದರೆ ಕಾವಲಿನವನು ತಾನೇ ಆಗಿದ್ದ ಎಂಬುದು ಅವನಿಗೆ ಹೊಳೆದೇ ಇರಲಿಲ್ಲ. ಇದರಿಂದ ಹಗುರವಾಯಿತೇ ಎಂದರೆ, ಇಲ್ಲ. ಹನ್ನೆರಡರ ಮತ್ತು ಮೂರರ ಪಾಳಿ ಇಸ್ತ್ರಿಯಮ್ಮನ ಪಾಲಾಯಿತು. ಅವಳು ತನ್ನ ಬಟ್ಟೆಯ ಗಂಟನ್ನು ಮೇಲೆ ತಂದು ಅವರ ಮನೆಯ ಮೇಜಿನ ಮೇಲೇ ಇಸ್ತ್ರಿ ಹಾಕತೊಡಗಿದಳು. ಇಬ್ಬರೂ ಹಗಲೆಲ್ಲ ಕಚ್ಚಾಡುತ್ತಿದ್ದರು. ಅಮ್ಮ ಪಿಸುದನಿಯಲ್ಲಿ, ಅವಳು ಕಟ್ಟಡಕ್ಕೆಲ್ಲ ಕೇಳುವಂತೆ. ಆದರೂ ಕನ್ನಡಕದಣ್ಣ ಹನ್ನೊಂದೂವರೆಗೆ ತಾನಾಗಿಯೇ ಎದ್ದು ನಿಲ್ಲುತ್ತಿದ್ದ, ನೆನಪಾಗಿ ಕೂರುತ್ತಿದ್ದ. ಒಂದು ಶನಿವಾರ ಅಮ್ಮ ಅವನನ್ನು ಬಲವಂತವಾಗಿ ಹೊರಗೆ ಅಟ್ಟಿದಾಗ, ಯಾವುದೋ ಬಸ್ಸು ಹತ್ತಿ ಕೊನೆಯ ನಿಲ್ದಾಣದವರೆಗೆ ಹೋಗಿ, ಇಳಿಯಲು ಕಾರಣ ಸಿಗದೆ ಅದೇ ಬಸ್ಸಿನಲ್ಲಿ ಹಿಂದಿರುಗಿದ.

ಅಮ್ಮ ಇನ್ನೂ ಐದು ತಿಂಗಳು ಬದುಕಿದಳು. ಗಡ್ಡೆ ಕರಗಲಿಲ್ಲ. ಕೊನೆಯ ಮೂರು ವಾರ ತಂಗಿ ಬಂದಿದ್ದಳು. ಫೋನಿನಲ್ಲಿ ಆಡಿದ್ದ ಮಾತನ್ನು ಅವಳು ಎತ್ತಲಿಲ್ಲ, ಅವನೂ ನೆನಪಿಸಲಿಲ್ಲ. ಒಂದು ಸಂಜೆ ಸಿರಿಂಜನ್ನು ಅವನ ಕೈಯಿಂದ ತೆಗೆದುಕೊಂಡು, ನೀನು ಮಲಗು ಹೋಗಣ್ಣ ಎಂದಳು. ಅಮ್ಮನ ಪ್ರಾಣ ಹೋದದ್ದು ಒಂದು ಬೆಳಿಗ್ಗೆ ಹತ್ತೂವರೆಗೆ, ತಂಗಿಯೂ ಇಸ್ತ್ರಿಯಮ್ಮನೂ ಹಾಸಿಗೆಯ ಎರಡು ಬದಿಯಲ್ಲಿದ್ದಾಗ. ಅವನು ಅಂಗಡಿಯಲ್ಲಿದ್ದ.

ಬಳಗದ ಕೋಣೆಗೆ ಅವನು ಆಮೇಲೆ ಎರಡು ಸಲ ಹೋದ. ಆಸ್ಪತ್ರೆಯ ವಾಸನೆ ತಡೆಯಲಾಗದೆ ಬಿಟ್ಟ. ಡ್ರೈವರು ತಪ್ಪು ತಿಳಿಯಲಿಲ್ಲ, ಹಳೆಯ ಕಾಗದ ಕಿತ್ತು ಹೊಸದು ಅಂಟಿಸುವಾಗ ತಮ್ಮ ನಂಬರಿನ ಕೆಳಗೆ ಇವನದ್ದೂ ಬರೆಯಲೇ ಎಂದಷ್ಟೇ ಕೇಳಿದರು. ಈಗ ತಿಂಗಳಿಗೆ ಒಂದೋ ಎರಡೋ ಕರೆ ಬರುತ್ತವೆ. ಯಾರದೋ ಮಗಳು, ಯಾರದೋ ಗಂಡ. ಕೆಲವರು ನಳಿಕೆಯ ಬಗ್ಗೆ ಕೇಳುತ್ತಾರೆ. ಕೆಲವರು ಏನೂ ಕೇಳುವುದಿಲ್ಲ, ಸುಮ್ಮನೆ ಉಸಿರಾಡುತ್ತಾರೆ. ಅವನು ಚಕ್ರ ನಿಲ್ಲಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಕೂತಿರುತ್ತಾನೆ. ಯಜಮಾನರು ಒಳಗೆ ಇಣುಕಿ ಅವಸರದ ಕೆಲಸ ಏನಾಯಿತೆಂದು ಕಣ್ಣಲ್ಲೇ ಕೇಳಿದರೆ, ಐದು ನಿಮಿಷ ಎಂದು ಬೆರಳು ತೋರಿಸುತ್ತಾನೆ.